ಲಿವರ್ ಕ್ಯಾನ್ಸರ್ ಚಿಕಿತ್ಸೆಯ ನಂತರ ಸಿಬಿಸಿ ಚೀಟಿಯನ್ನು ಓದುವುದು ಹೇಗೆ?

ಲಿವರ್ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ರಾಯಚೂರಿನವರು ಹೆಚ್ಚಾಗಿ ಹೈದರಾಬಾದಿನ ಕಡೆ ಮುಖ ಮಾಡುತ್ತಾರೆ, ಬಳ್ಳಾರಿಯವರು ಬೆಂಗಳೂರಿಗೆ, ಕೊಪ್ಪಳದವರು ಹುಬ್ಬಳ್ಳಿಗೆ. ವಾಪಸು ಬರುವಾಗ ಎಲ್ಲರ ಕೈಯಲ್ಲೂ ಒಂದೇ ತರದ ದಪ್ಪ ಫೈಲು: ಸಿಟಿ ಫಿಲ್ಮು, ಡಿಸ್ಚಾರ್ಜ್ ಸಮರಿ, ಹತ್ತಾರು ರಕ್ತಪರೀಕ್ಷೆಯ ಚೀಟಿಗಳು. ಅದರಲ್ಲಿ ಲಿವರ್ ಕ್ಯಾನ್ಸರ್‌ನ ಸುಳಿವು ಕೊಡುವ ಎಎಫ್‌ಪಿ ಎಂಬ ಅಂಕಿ ಎಷ್ಟು ಬಂತು ಎಂದು ಮನೆಮಂದಿಯೆಲ್ಲ ಕೇಳುತ್ತಾರೆ. ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ ನೋಡಿ ಮಡಚಿಡುತ್ತಾರೆ. ಹೈದರಾಬಾದ್ ಕಡೆಯ ಲ್ಯಾಬ್‌ಗಳು ಇದನ್ನೇ ಸಿಬಿಪಿ ಎನ್ನುತ್ತವೆ, ಪರೀಕ್ಷೆ ಒಂದೇ.

ಆ ಮಡಚಿಟ್ಟ ಚೀಟಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಹೇಗಿದೆ ಎಂಬ ಸುಳಿವು ಇರುತ್ತದೆ. ಅಲ್ಲಿನ ಅಂಕಿಗಳನ್ನು ಒಂದಕ್ಕೊಂದು ಭಾಗಿಸಿ, ಗುಣಿಸಿ ಮಾಡುವ ಎನ್‌ಎಲ್‌ಆರ್, ಪಿಎಲ್‌ಆರ್, ಎಲ್‌ಎಂಆರ್, ಎಸ್‌ಐಐ ಎಂಬ ಲೆಕ್ಕಗಳಿಗೂ ಚಿಕಿತ್ಸೆಯ ಫಲಿತಾಂಶಕ್ಕೂ ನಂಟಿದೆ ಎಂದು ಬಹಳಷ್ಟು ಅಧ್ಯಯನಗಳು ತೋರಿಸಿವೆ. ಅದನ್ನು ಫೋನಿನಲ್ಲಿ ಓದಿ, ‘ಅಪ್ಪನ ಎನ್‌ಎಲ್‌ಆರ್ 6 ಬಂದಿದೆ, ಇನ್ನು ಉಳಿಯೋದಿಲ್ಲವಾ’ ಎಂದು ರಾತ್ರಿಯಿಡೀ ನಿದ್ದೆಗೆಟ್ಟವರೂ ಇದ್ದಾರೆ. ಅವರಿಗೆ ಮೊದಲು ಹೇಳಬೇಕಾದ್ದು ಇದು: ರಕ್ತ ತೆಗೆದದ್ದು ಯಾವ ದಿನ, ಆಗ ಯಾವ ಔಷಧಿ ನಡೆದಿತ್ತು, ಲಿವರ್ ಎಷ್ಟು ಕೆಟ್ಟಿದೆ, ಈ ಮೂರೂ ಗೊತ್ತಿಲ್ಲದಿದ್ದರೆ ಆ 6ಕ್ಕೆ ಅರ್ಥವೇ ಇಲ್ಲ.

ಇಲ್ಲಿ ಮಾತಾಡುತ್ತಿರುವುದು ಲಿವರ್‌ನಲ್ಲೇ ಹುಟ್ಟುವ ಹೆಪಟೋಸೆಲ್ಯುಲರ್ ಕಾರ್ಸಿನೋಮಾ, ಅಂದರೆ ಎಚ್‌ಸಿಸಿ ಬಗ್ಗೆ. ಕರುಳಿನಿಂದಲೋ ಸ್ತನದಿಂದಲೋ ಲಿವರ್‌ಗೆ ಹರಡಿದ ಕ್ಯಾನ್ಸರ್‌ನ ಲೆಕ್ಕ ಬೇರೆ. ಎಚ್‌ಸಿಸಿ ಬಹುತೇಕ ಸಲ ಮೊದಲೇ ಕೆಟ್ಟ ಲಿವರ್‌ನಲ್ಲಿ ಹುಟ್ಟುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಕುಡಿತ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಇವು ವರ್ಷಗಟ್ಟಲೆ ಲಿವರ್‌ಗೆ ಏಟು ಕೊಟ್ಟು ಅದನ್ನು ಗಟ್ಟಿ, ಗಂಟುಗಂಟು ಮಾಡುತ್ತವೆ. ಅದೇ ಸಿರೋಸಿಸ್. ಶೇಂಗಾ ಬೆಳೆಯುವ ನಮ್ಮ ಭಾಗದವರು ಇನ್ನೊಂದು ಕಾರಣವನ್ನೂ ತಿಳಿದಿರಬೇಕು. ಸರಿಯಾಗಿ ಒಣಗದೆ ಬೂಸ್ಟು ಹಿಡಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಹೆಪಟೈಟಿಸ್ ಬಿ ಇರುವವರ ದೇಹಕ್ಕೆ ಈ ವಿಷ ಸೇರುತ್ತಾ ಹೋದರೆ ಕ್ಯಾನ್ಸರ್‌ನ ಅಪಾಯ ಹಲವು ಪಟ್ಟು ಏರುತ್ತದೆ. ಕಹಿಯಾದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಕಾಳನ್ನು ಚಟ್ನಿಪುಡಿಗೆ ಹಾಕಬೇಡಿ, ಬಿಸಾಡಿ.

ಹಾಗಾಗಿ ಎಚ್‌ಸಿಸಿ ರೋಗಿಗೆ ಇರುವುದು ಒಂದಲ್ಲ, ಎರಡು ಕಾಯಿಲೆ: ಗಡ್ಡೆ ಒಂದು, ಸೋಲುತ್ತಿರುವ ಲಿವರ್ ಇನ್ನೊಂದು. ರಕ್ತಕಣಗಳ ಎಣಿಕೆಯನ್ನು ಎರಡೂ ಬದಲಿಸುತ್ತವೆ. ಮುಂದಿನ ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ.

ರಕ್ತಕಣಗಳಿಗೂ ಗಡ್ಡೆಗೂ ಏನು ಸಂಬಂಧ?

ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್‌ಗಳು, ಅದರಲ್ಲೂ ಸಿಡಿ8 ಎಂಬ ಗುಂಪಿನ ಟಿ ಕಣಗಳು, ಕ್ಯಾನ್ಸರ್ ಕಣವನ್ನು ಗುರುತಿಸಿ ಕೊಲ್ಲಬಲ್ಲವು. ನ್ಯೂಟ್ರೋಫಿಲ್‌ಗಳು ಮೂಲತಃ ಬ್ಯಾಕ್ಟೀರಿಯಾದ ವಿರುದ್ಧ ಹೋರಾಡುವ ಕಣಗಳು. ಆದರೆ ಉರಿಯೂತ ದೀರ್ಘಕಾಲ ನಡೆದರೆ ಇವು ಗಡ್ಡೆಯ ಸುತ್ತ ಸೇರಿ, ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್‌ನಂಥ ವಸ್ತುಗಳನ್ನು ಬಿಡುತ್ತವೆ, ಅಂಗಾಂಶವನ್ನು ಸಡಿಲಿಸಿ ಗಡ್ಡೆ ಹರಡಲು ದಾರಿ ಮಾಡಿಕೊಡುತ್ತವೆ, ಲಿಂಫೋಸೈಟ್‌ಗಳ ಕೆಲಸಕ್ಕೂ ತಡೆ ಒಡ್ಡುತ್ತವೆ. ಮೋನೋಸೈಟ್‌ಗಳು ರಕ್ತದಿಂದ ಗಡ್ಡೆಯೊಳಕ್ಕೆ ಹೋಗಿ ಮ್ಯಾಕ್ರೋಫೇಜ್‌ಗಳಾಗುತ್ತವೆ. ಅಲ್ಲಿ ಅವುಗಳಲ್ಲಿ ಹಲವು ಗಡ್ಡೆಯ ಪರವಾಗಿಯೇ ಕೆಲಸ ಮಾಡತೊಡಗುತ್ತವೆ. ಪ್ಲೇಟ್‌ಲೆಟ್‌ಗಳು ರಕ್ತದಲ್ಲಿ ತೇಲುವ ಕ್ಯಾನ್ಸರ್ ಕಣಗಳಿಗೆ ಅಂಟಿಕೊಂಡು ಅವು ಪ್ರತಿರೋಧಕ ಕಣಗಳ ಕಣ್ಣಿಗೆ ಬೀಳದಂತೆ ಮುಚ್ಚುತ್ತವೆ, ಬೆಳವಣಿಗೆಗೆ ಬೇಕಾದ ವಸ್ತುಗಳನ್ನೂ ಒದಗಿಸುತ್ತವೆ. ಐಎಲ್-6 ಎಂಬ ಸಂದೇಶವಸ್ತು ಏರಿದಾಗ ಲಿವರ್ ಉರಿಯೂತದ ಗುರುತಾದ ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ, ರಕ್ತದ ಮುಖ್ಯ ಪ್ರೋಟೀನಾದ ಅಲ್ಬುಮಿನ್ನನ್ನು ಕಡಿಮೆ ತಯಾರಿಸುತ್ತದೆ.

ಆದ್ದರಿಂದ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದಿದ್ದರೆ ತಕ್ಕಡಿ ಗಡ್ಡೆಯ ಕಡೆ ವಾಲಿರಬಹುದು ಎಂಬ ಊಹೆಗೆ ಆಧಾರವಿದೆ. ಇದು ಗಡ್ಡೆಯೊಳಗೆ ನಡೆಯುತ್ತಿರುವುದನ್ನು ಹೊರಗಿನಿಂದ ಅಂದಾಜು ಮಾಡುವುದಷ್ಟೇ. ಗಡ್ಡೆಯಲ್ಲಿ ಎಷ್ಟು ಸಿಡಿ8 ಕಣಗಳಿವೆ ಎಂದು ಸಿಬಿಸಿ ಯಂತ್ರ ಹೇಳಲಾರದು.

ಲೆಕ್ಕ ಹಾಕುವ ಬಗೆ

ಒಂದು ಮಾದರಿ ಚೀಟಿ ತೆಗೆದುಕೊಳ್ಳೋಣ. ಒಟ್ಟು ಬಿಳಿ ರಕ್ತಕಣ 6,800. ನ್ಯೂಟ್ರೋಫಿಲ್ ಶೇ. 70, ಲಿಂಫೋಸೈಟ್ ಶೇ. 20, ಮೋನೋಸೈಟ್ ಶೇ. 7, ಇಯೋಸಿನೋಫಿಲ್ ಶೇ. 3. ಪ್ಲೇಟ್‌ಲೆಟ್ 1.8 ಲಕ್ಷ. ಜೊತೆಗಿರುವ ಲಿವರ್ ಪರೀಕ್ಷೆಯ ಚೀಟಿಯಲ್ಲಿ ಅಲ್ಬುಮಿನ್ ಡೆಸಿಲೀಟರ್‌ಗೆ 4.0 ಗ್ರಾಂ, ಕಾಮಣಿಯಲ್ಲಿ ಏರುವ ಬಿಲಿರುಬಿನ್ 0.8 ಮಿ.ಗ್ರಾಂ.

ಮೊದಲು ಶೇಕಡಾವಾರನ್ನು ನಿಜವಾದ ಎಣಿಕೆಗೆ ತರಬೇಕು. 6,800ರ ಶೇ. 70 ಅಂದರೆ ನ್ಯೂಟ್ರೋಫಿಲ್ 4,760, ಲಿಂಫೋಸೈಟ್ 1,360, ಮೋನೋಸೈಟ್ 476. ಎನ್‌ಎಲ್‌ಆರ್ ಎಂದರೆ ನ್ಯೂಟ್ರೋಫಿಲ್ ÷ ಲಿಂಫೋಸೈಟ್: 4,760 ÷ 1,360 = 3.5. ಇದಕ್ಕೆ ಶೇಕಡಾವಾರನ್ನೇ ಭಾಗಿಸಿದರೂ ಸಾಕು, 70 ÷ 20 = 3.5. ಆರೋಗ್ಯವಂತ ವಯಸ್ಕರಲ್ಲಿ ಇದು ಸಾಮಾನ್ಯವಾಗಿ 1ರಿಂದ 3ರೊಳಗೆ ಇರುತ್ತದೆ. ಪಿಎಲ್‌ಆರ್ ಎಂದರೆ ಪ್ಲೇಟ್‌ಲೆಟ್ ÷ ಲಿಂಫೋಸೈಟ್: 1,80,000 ÷ 1,360 = 132. ಎಲ್‌ಎಂಆರ್ ಎಂದರೆ ಲಿಂಫೋಸೈಟ್ ÷ ಮೋನೋಸೈಟ್: 1,360 ÷ 476 = 2.9. ಎನ್‌ಎಲ್‌ಆರ್, ಪಿಎಲ್‌ಆರ್ ಹೆಚ್ಚಾದಷ್ಟೂ ಒಳ್ಳೆಯದಲ್ಲ. ಎಲ್‌ಎಂಆರ್ ಮಾತ್ರ ಹೆಚ್ಚಿದ್ದರೇ ಒಳ್ಳೆಯದು. ಈ ಉಲ್ಟಾ ದಿಕ್ಕಿನಲ್ಲಿ ಎಡವುವವರು ಬಹಳ.

ಎಸ್‌ಐಐ ಲೆಕ್ಕಕ್ಕೆ ಪ್ಲೇಟ್‌ಲೆಟ್ಟನ್ನು ಎನ್‌ಎಲ್‌ಆರ್‌ನಿಂದ ಗುಣಿಸಬೇಕು, ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿರಬೇಕು: 180 × 3.5 = 630. ಇನ್ನು ಪಿಎನ್‌ಐ ಎಂಬುದರಲ್ಲಿ ಪೋಷಣೆಯೂ ಸೇರುತ್ತದೆ: ಅಲ್ಬುಮಿನ್ನನ್ನು 10ರಿಂದ ಗುಣಿಸಿ, ಲಿಂಫೋಸೈಟ್ ಎಣಿಕೆಯನ್ನು 0.005ರಿಂದ ಗುಣಿಸಿ, ಎರಡನ್ನೂ ಕೂಡಿಸಿ. 40 + 6.8 = 46.8. ಇದು ಕಡಿಮೆಯಾದಷ್ಟೂ ಚಿಂತೆ. ಸುಮಾರು 45ಕ್ಕಿಂತ ಕೆಳಗೆ ಎಂಬ ಗಡಿಯನ್ನು ಅನೇಕರು ಬಳಸುತ್ತಾರೆ.

ಚೀಟಿಯಲ್ಲಿ ಮೋನೋಸೈಟ್ ಎಂಬ ಸಾಲೇ ಇಲ್ಲದೆ ‘ಮಿಡ್’ ಎಂಬ ಸಾಲಿದ್ದರೆ ಅದು ತ್ರೀ-ಪಾರ್ಟ್ ಯಂತ್ರದ ಚೀಟಿ. ಮೋನೋಸೈಟ್, ಇಯೋಸಿನೋಫಿಲ್, ಬೇಸೋಫಿಲ್ ಎಲ್ಲವನ್ನೂ ಅದು ಒಟ್ಟಿಗೆ ಎಣಿಸಿರುತ್ತದೆ. ಅದರಿಂದ ಎಲ್‌ಎಂಆರ್ ಹಾಕಬಾರದು. ಫೈವ್-ಪಾರ್ಟ್ ಯಂತ್ರ ಇರುವ ಲ್ಯಾಬ್ ಬೇಕು.

ಸಿರೋಸಿಸ್ ಮಾಡುವ ಮೋಸ

ಈಗ ಇನ್ನೊಂದು ಚೀಟಿ. ಒಟ್ಟು ಬಿಳಿ ಕಣ 3,200, ನ್ಯೂಟ್ರೋಫಿಲ್ ಶೇ. 70, ಲಿಂಫೋಸೈಟ್ ಶೇ. 20, ಪ್ಲೇಟ್‌ಲೆಟ್ 62 ಸಾವಿರ. ಅಲ್ಬುಮಿನ್ 2.8, ಬಿಲಿರುಬಿನ್ 2.6. ಎನ್‌ಎಲ್‌ಆರ್ ಇಲ್ಲೂ 3.5. ಆದರೆ ಪಿಎಲ್‌ಆರ್ 97ಕ್ಕೆ ಇಳಿಯಿತು, ಎಸ್‌ಐಐ 62 × 3.5 = 217ಕ್ಕೆ ಇಳಿಯಿತು.

2014ರಲ್ಲಿ ಶಾಂಘೈನ ಸಂಶೋಧಕರು ಶಸ್ತ್ರಚಿಕಿತ್ಸೆಯಾದ ಎಚ್‌ಸಿಸಿ ರೋಗಿಗಳಿಗಾಗಿ ಎಸ್‌ಐಐಯನ್ನು ಮುಂದಿಟ್ಟಾಗ 330 ಎಂಬ ಗಡಿ ಹಾಕಿದ್ದರು. ಅದಕ್ಕಿಂತ ಮೇಲಿದ್ದರೆ ಕ್ಯಾನ್ಸರ್ ಮರುಕಳಿಸುವ ಸಂಭವ ಹೆಚ್ಚು ಎಂದು. ಆ ಗಡಿಯನ್ನು ಕಣ್ಣುಮುಚ್ಚಿ ಹಚ್ಚಿದರೆ ಮೊದಲನೆಯವರು ಅಪಾಯದ ಗುಂಪಿಗೆ, ಎರಡನೆಯವರು ಸುರಕ್ಷಿತ ಗುಂಪಿಗೆ ಬೀಳುತ್ತಾರೆ. ವಾಸ್ತವದಲ್ಲಿ ಎರಡನೆಯವರ ಲಿವರ್ ಬಹಳ ಕೆಟ್ಟಿದೆ. ಸಿರೋಸಿಸ್‌ನಲ್ಲಿ ಪೋರ್ಟಲ್ ರಕ್ತನಾಳದ ಒತ್ತಡ ಏರಿ ಗುಲ್ಮ, ಅಂದರೆ ಸ್ಪ್ಲೀನ್, ದೊಡ್ಡದಾಗುತ್ತದೆ. ದೊಡ್ಡದಾದ ಗುಲ್ಮ ಪ್ಲೇಟ್‌ಲೆಟ್‌ಗಳನ್ನೂ ಬಿಳಿ ಕಣಗಳನ್ನೂ ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ಬೆಳೆಸುವ ಹಾರ್ಮೋನು ತಯಾರಾಗುವುದೂ ಲಿವರ್‌ನಲ್ಲೇ, ಅದೂ ಕುಗ್ಗಿರುತ್ತದೆ. ಪ್ಲೇಟ್‌ಲೆಟ್ ಇಳಿದದ್ದು ಒಳ್ಳೆಯ ಸುದ್ದಿಯಲ್ಲ, ಎಸ್‌ಐಐ ಲೆಕ್ಕದಲ್ಲಿ ಮಾತ್ರ ಹಾಗೆ ಕಾಣುತ್ತದೆ.

ಈ ಮೋಸ ತಪ್ಪಿಸಲು ಪಕ್ಕದಲ್ಲಿ ಲಿವರ್‌ನ ಬಲ ಹೇಳುವ ಲೆಕ್ಕವೊಂದು ಇರಲೇಬೇಕು. ಚೈಲ್ಡ್-ಪ್ಯೂ ಹಳೆಯದು, ವೈದ್ಯರು ಬಾಯಿಲೆಕ್ಕದಲ್ಲೇ ಹಾಕುತ್ತಾರೆ. ಬರೀ ಬಿಲಿರುಬಿನ್, ಅಲ್ಬುಮಿನ್ ಸಾಕಾಗುವ ಲೆಕ್ಕವೆಂದರೆ 2015ರಲ್ಲಿ ಬಂದ ಆಲ್ಬಿ. ಬಿಲಿರುಬಿನ್ ಮಿ.ಗ್ರಾಂ ಅಂಕಿಯನ್ನು 17.1ರಿಂದ ಗುಣಿಸಿ, ಅದರ ಲಾಗ್ ತೆಗೆದು, 0.66ರಿಂದ ಗುಣಿಸಿ, ಅದರಿಂದ ಅಲ್ಬುಮಿನ್‌ನ (ಲೀಟರ್‌ಗೆ ಎಷ್ಟು ಗ್ರಾಂ ಎಂಬ ಲೆಕ್ಕ) 0.085 ಪಟ್ಟನ್ನು ಕಳೆಯಿರಿ. ಫೋನಿನ ಕ್ಯಾಲ್ಕುಲೇಟರ್ ಅಡ್ಡ ಹಿಡಿದರೆ ಲಾಗ್ ಗುಂಡಿ ಕಾಣುತ್ತದೆ. ಮೈನಸ್ 2.60 ಅಥವಾ ಅದಕ್ಕೂ ಕೆಳಗಿದ್ದರೆ 1ನೇ ದರ್ಜೆ, ಮೈನಸ್ 1.39ರವರೆಗೆ 2ನೇ ದರ್ಜೆ, ಅದಕ್ಕೂ ಮೇಲಿದ್ದರೆ 3ನೇ ದರ್ಜೆ. ನಮ್ಮ ಮೊದಲ ಚೀಟಿ ಮೈನಸ್ 2.65, ಅಂದರೆ 1ನೇ ದರ್ಜೆ. ಎರಡನೆಯದು ಮೈನಸ್ 1.29, ಅಂದರೆ 3ನೇ ದರ್ಜೆ. ಅದರ ಪಿಎನ್‌ಐ ಕೂಡ 31ಕ್ಕೆ ಕುಸಿದಿದೆ. ಎಸ್‌ಐಐ ಮುಚ್ಚಿಟ್ಟದ್ದನ್ನು ಇವೆರಡು ಹೊರಗೆ ಹಾಕಿದವು.

ಎನ್‌ಎಲ್‌ಆರ್ ಕೂಡ ಪೂರ್ತಿ ನಂಬಿಕಸ್ಥವಲ್ಲ. ಸಿರೋಸಿಸ್ ವಿಷಮಿಸಿದರೆ ಕ್ಯಾನ್ಸರ್ ಇಲ್ಲದವರಲ್ಲೂ ಅದು ಏರುತ್ತದೆ. ಏರಿದ ಎನ್‌ಎಲ್‌ಆರ್ ಗಡ್ಡೆಯ ಮಾತೋ, ಲಿವರ್‌ನ ಮಾತೋ ಎಂದು ಸಿಬಿಸಿ ಒಂದರಿಂದಲೇ ಬೇರ್ಪಡಿಸಲು ಆಗುವುದಿಲ್ಲ.

ಯಾವಾಗ ತೆಗೆದ ರಕ್ತ?

ತಪ್ಪು ಓದುವಿಕೆಗೆ ಅತಿ ದೊಡ್ಡ ಕಾರಣ ಇದೇ. ಸಂಶೋಧನೆಗಳು ಹೆಚ್ಚಾಗಿ ಬಳಸಿರುವುದು ಚಿಕಿತ್ಸೆಗೆ ಮುಂಚೆ, ಜ್ವರ ಸೋಂಕುಗಳಿಲ್ಲದ ದಿನ ತೆಗೆದ ರಕ್ತವನ್ನು. ಡಿಸ್ಚಾರ್ಜ್ ಆದ ವಾರದ ಚೀಟಿಯನ್ನು ಆ ಗಡಿಗಳ ಜೊತೆ ಹೋಲಿಸುವುದು ತಪ್ಪು.

ಗಡ್ಡೆ ಇದ್ದ ಭಾಗ ಕತ್ತರಿಸಿ ತೆಗೆದರೆ, ಆ ಏಟಿಗೇ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿಯುತ್ತದೆ. ಎನ್‌ಎಲ್‌ಆರ್ ಮೊದಲ ದಿನಗಳಲ್ಲಿ 10 ದಾಟಿದರೂ ಅಚ್ಚರಿಯಿಲ್ಲ. ಒಂದು ತಿಂಗಳಾದರೂ ಕಳೆದ ಮೇಲಿನ ರಕ್ತವೇ ಹೋಲಿಕೆಗೆ ಸರಿ. ಸೂಜಿ ಹಾಕಿ ಸುಡುವ ಅಬ್ಲೇಶನ್‌ನಲ್ಲಿ ಈ ಏರಿಳಿತ ಕಡಿಮೆ. ಟೇಸ್ ಎಂಬ ಚಿಕಿತ್ಸೆಯಲ್ಲಿ ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ಹೋಗಿ ಗಡ್ಡೆಗೇ ಔಷಧಿ ಬಿಟ್ಟು ಅದರ ರಕ್ತ ತಡೆಯುತ್ತಾರೆ. ಗಡ್ಡೆ ಸಾಯುವಾಗ ಜ್ವರ, ಹೊಟ್ಟೆನೋವು, ವಾಕರಿಕೆ ಬರುತ್ತದೆ, ಸಿಆರ್‌ಪಿ ನ್ಯೂಟ್ರೋಫಿಲ್ ಎರಡೂ ಏರುತ್ತವೆ. ವಾಕರಿಕೆಗೆ ಡೆಕ್ಸಾಮೆಥಾಸೋನ್ ಕೊಟ್ಟಿದ್ದರಂತೂ ಮುಗಿಯಿತು: ಯಾವುದೇ ಸ್ಟೆರಾಯ್ಡ್ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ. ಟೇಸ್ ಫಲಿತಾಂಶ ನೋಡುವ ಸಿಟಿ ಅಥವಾ ಎಂಆರ್‌ಐ 4ರಿಂದ 6 ವಾರಕ್ಕೆ ಮಾಡುತ್ತಾರೆ, ಸಿಬಿಸಿಯನ್ನೂ ಅದೇ ಹೊತ್ತಿಗೆ ಮಾಡಿಸಿದರೆ ಎರಡನ್ನೂ ಜೊತೆಗಿಟ್ಟು ನೋಡಬಹುದು.

ವಿಕಿರಣದ ಚಿಕಿತ್ಸೆಗಳಲ್ಲಿ, ಅಂದರೆ ಹೊರಗಿನಿಂದ ಕೊಡುವ ಎಸ್‌ಬಿಆರ್‌ಟಿ ಮತ್ತು ವಿಕಿರಣದ ಸಣ್ಣ ಗುಂಡುಗಳನ್ನು ಬಿಡುವ ಟೇರ್‌ನಲ್ಲಿ, ಲೆಕ್ಕ ಇನ್ನಷ್ಟು ಕೆಡುತ್ತದೆ. ಲಿಂಫೋಸೈಟ್‌ಗಳು ವಿಕಿರಣಕ್ಕೆ ಬಹಳ ಬೇಗ ಸಾಯುತ್ತವೆ, ಮತ್ತೆ ತುಂಬಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಗಡ್ಡೆ ಚೆನ್ನಾಗಿ ಸತ್ತಿದ್ದರೂ ಎನ್‌ಎಲ್‌ಆರ್ ಏರಿಯೇ ಇರಬಹುದು. ಲಿವರ್ ಕಸಿಯಾದವರಿಗೆ ಟ್ಯಾಕ್ರೋಲಿಮಸ್, ಸ್ಟೆರಾಯ್ಡ್, ಮೈಕೋಫಿನೋಲೇಟ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳು ನಡೆಯುತ್ತಿರುತ್ತವೆ. ಕಸಿಯ ನಂತರದ ಸಿಬಿಸಿಯಿಂದ ಈ ಲೆಕ್ಕಗಳನ್ನು ಹಾಕುವುದೇ ಬೇಡ. ಕಸಿಗೆ ಮುಂಚಿನ ಎನ್‌ಎಲ್‌ಆರ್ 5 ದಾಟಿದ್ದರೆ ಮರುಕಳಿಸುವಿಕೆ ಹೆಚ್ಚು ಎಂದು ತೋರಿಸಿದ ಅಧ್ಯಯನಗಳಿವೆ, ಅದು ಬೇರೆ ಮಾತು.

ಇವಲ್ಲದೆ ನಮ್ಮೂರಿನ ಕಾರಣಗಳೂ ಇವೆ. ಮಳೆಗಾಲದಲ್ಲಿ ಡೆಂಗಿ ಬಂದರೆ ಪ್ಲೇಟ್‌ಲೆಟ್ ಕುಸಿಯುತ್ತದೆ. ಕಾಲಿನ ಹುಣ್ಣು, ಹಲ್ಲಿನ ಕೀವು, ಮೂತ್ರದ ಸೋಂಕು, ನ್ಯುಮೋನಿಯಾ ಎಲ್ಲವೂ ನ್ಯೂಟ್ರೋಫಿಲ್ ಏರಿಸುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಆ ನೀರಿಗೇ ಸೋಂಕು ತಗಲಬಹುದು; ನೀರು ತೆಗೆದು ಪರೀಕ್ಷಿಸಿದಾಗ ಒಂದು ಘನ ಮಿಲಿಮೀಟರ್‌ನಲ್ಲಿ ನ್ಯೂಟ್ರೋಫಿಲ್ 250 ಮೀರಿದ್ದರೆ ಅದು ಸೋಂಕೇ, ತಕ್ಷಣ ಆಂಟಿಬಯಾಟಿಕ್ ಬೇಕು. ಇಂಥವರ ಎನ್‌ಎಲ್‌ಆರ್ ಏರಿದ್ದನ್ನು ಕ್ಯಾನ್ಸರ್ ಮರುಕಳಿಸಿತು ಎಂದು ಓದಿ ಕೈಚೆಲ್ಲಿದರೆ, ವಾಸಿಯಾಗಬಲ್ಲ ಸೋಂಕಿಗೆ ಜೀವ ಹೋಗುತ್ತದೆ.

ಅಲ್ಬುಮಿನ್ ಬಾಟಲಿ ಏರಿಸಿದ ಮಾರನೆಯ ದಿನ ಆಲ್ಬಿ, ಪಿಎನ್‌ಐ ಎರಡೂ ಸುಳ್ಳೇ ಚೆನ್ನಾಗಿ ಕಾಣುತ್ತವೆ. ಪ್ಲೇಟ್‌ಲೆಟ್ ಏರಿಸಿದ್ದರೆ, ಪ್ಲೇಟ್‌ಲೆಟ್ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರೆ, ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಆಗಿದ್ದರೆ ಅದನ್ನೂ ಚೀಟಿಯ ಮೂಲೆಯಲ್ಲಿ ಬರೆದಿಡಿ.

ಸ್ಯಾಂಪಲ್‌ನಲ್ಲೇ ಆಗುವ ತಪ್ಪು

ಸಿಬಿಸಿಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ಗುರುತಿನವರೆಗೆ ರಕ್ತ ತುಂಬಿ, ಕುಲುಕದೆ, ಮೆಲ್ಲಗೆ ಎಂಟು ಹತ್ತು ಸಲ ಮೇಲೆ ಕೆಳಗೆ ಮಾಡಬೇಕು. ಸರಿಯಾಗಿ ಬೆರೆಯದಿದ್ದರೆ ಸಣ್ಣ ಹೆಪ್ಪು ಕಟ್ಟಿ ಪ್ಲೇಟ್‌ಲೆಟ್ ಸುಳ್ಳೇ ಕಡಿಮೆ ಬರುತ್ತದೆ. ಕೆಲವರ ರಕ್ತದಲ್ಲಿ ಇಡಿಟಿಎಯಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ಹಿಂದಿನ ತಿಂಗಳು 1.4 ಲಕ್ಷ ಇದ್ದದ್ದು ಏಕಾಏಕಿ 40 ಸಾವಿರ ಎಂದು ಬಂದರೆ ಗಾಬರಿಗೆ ಮುಂಚೆ ಗಾಜಿನ ಪಟ್ಟಿಯ ಮೇಲೆ ಸ್ಮಿಯರ್ ನೋಡಲು ಕೇಳಿ. ಅಗತ್ಯವಿದ್ದರೆ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ಎಣಿಸುತ್ತಾರೆ.

ಬಿಸಿಲಿನ ವಿಷಯ ನಮ್ಮ ಮೂರೂ ಜಿಲ್ಲೆಗಳಲ್ಲಿ ಸಣ್ಣದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಸಿಂಧನೂರಿನಲ್ಲೋ ಕುಷ್ಟಗಿಯಲ್ಲೋ ಬೆಳಿಗ್ಗೆ ತೆಗೆದ ರಕ್ತ ಬೈಕಿನ ಡಬ್ಬಿಯಲ್ಲಿ ಮಧ್ಯಾಹ್ನವಿಡೀ ಕುದ್ದು, ರಾತ್ರಿ ಬಸ್ಸಿನಲ್ಲಿ ದೊಡ್ಡ ಊರಿನ ಲ್ಯಾಬಿಗೆ ಹೋದರೆ ಬಿಳಿ ಕಣಗಳು ಕೆಡುತ್ತವೆ, ಯಂತ್ರ ಅವುಗಳನ್ನು ತಪ್ಪು ಗುಂಪಿಗೆ ಹಾಕುತ್ತದೆ. ಎಎಫ್‌ಪಿಯಂಥ ಪರೀಕ್ಷೆಗೆ ಸೀರಂ ಬೇರ್ಪಡಿಸಿ ತಂಪಾಗಿ ಕಳಿಸಿದರೆ ತೊಂದರೆಯಿಲ್ಲ. ಸಿಬಿಸಿಯನ್ನು ಮಾತ್ರ ರಕ್ತ ತೆಗೆದ ಊರಿನಲ್ಲೇ, ಕೆಲವೇ ಗಂಟೆಗಳೊಳಗೆ ಮಾಡಿಸಿ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇರುವಾಗ ಇದಕ್ಕಾಗಿ ಊರು ಬಿಡಬೇಕಿಲ್ಲ. ಪ್ರತಿ ಸಲ ಒಂದೇ ಲ್ಯಾಬ್ ಆದರೆ ಇನ್ನೂ ಒಳ್ಳೆಯದು.

ಅಳತೆಯ ಘಟಕಗಳನ್ನೂ ನೋಡಿಕೊಳ್ಳಿ. ಸಿಆರ್‌ಪಿಯನ್ನು ಕೆಲವರು ಲೀಟರ್‌ಗೆ, ಕೆಲವರು ಡೆಸಿಲೀಟರ್‌ಗೆ ಬರೆಯುತ್ತಾರೆ: ಲೀಟರ್‌ಗೆ 10 ಮಿ.ಗ್ರಾಂ ಎಂದರೂ ಡೆಸಿಲೀಟರ್‌ಗೆ 1 ಮಿ.ಗ್ರಾಂ ಎಂದರೂ ಒಂದೇ. ಎಎಫ್‌ಪಿಯನ್ನು ಐಯು ಲೆಕ್ಕದಲ್ಲಿ ಕೊಟ್ಟಿದ್ದರೆ 1.2ರಿಂದ ಗುಣಿಸಿದರೆ ಹೆಚ್ಚುಕಡಿಮೆ ನ್ಯಾನೋಗ್ರಾಂ ಸಿಗುತ್ತದೆ. ಲ್ಯಾಬ್ ಬದಲಾದಾಗ ಎಎಫ್‌ಪಿ ಏರಿತು ಎಂದು ಗಾಬರಿಯಾಗುವುದಕ್ಕೆ ಇದೂ ಒಂದು ಕಾರಣ.

ಅಧ್ಯಯನಗಳು ಹೇಳುವುದು, ಹೇಳದಿರುವುದು

ಶಸ್ತ್ರಚಿಕಿತ್ಸೆ, ಅಬ್ಲೇಶನ್, ಟೇಸ್, ಕಸಿ, ಮಾತ್ರೆ, ದೇಹದ ಪ್ರತಿರೋಧವನ್ನೇ ಗಡ್ಡೆಯ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ, ಯಾವ ಚಿಕಿತ್ಸೆ ತೆಗೆದುಕೊಂಡರೂ ಮೊದಲೇ ಎನ್‌ಎಲ್‌ಆರ್ ಹೆಚ್ಚಿದ್ದ ಗುಂಪಿನಲ್ಲಿ ಮರುಕಳಿಸುವಿಕೆ ಹೆಚ್ಚು, ಬದುಕುಳಿದ ಅವಧಿ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡಿದೆ. ಇದು ಗಟ್ಟಿ ವಿಷಯ. ಗಡಿಯ ಅಂಕಿ ಮಾತ್ರ ಗಟ್ಟಿಯಿಲ್ಲ. ಒಂದು ಅಧ್ಯಯನ 2 ಎನ್ನುತ್ತದೆ, ಇನ್ನೊಂದು 3, ಮತ್ತೊಂದು 5. ಬಹುತೇಕ ಅಧ್ಯಯನಗಳು ಹಳೆಯ ಕಡತ ತೆಗೆದು, ತಮ್ಮ ರೋಗಿಗಳಲ್ಲಿ ಯಾವ ಅಂಕಿ ಚೆನ್ನಾಗಿ ಬೇರ್ಪಡಿಸುತ್ತದೋ ಅದನ್ನೇ ಗಡಿ ಎಂದು ಹಾಕಿಕೊಂಡಿವೆ. ಒಂದು ಆಸ್ಪತ್ರೆಯ ಗಡಿ ಇನ್ನೊಂದಕ್ಕೆ ಹೊಂದುವುದಿಲ್ಲ. ದೊಡ್ಡ ಗಡ್ಡೆ, ರಕ್ತನಾಳಕ್ಕೆ ನುಗ್ಗಿದ ಗಡ್ಡೆ ತಾನೇ ಎನ್‌ಎಲ್‌ಆರ್ ಏರಿಸುವುದರಿಂದ, ಎನ್‌ಎಲ್‌ಆರ್ ಹೊಸದಾಗಿ ಎಷ್ಟು ಹೇಳುತ್ತಿದೆ ಎಂದು ಬಿಡಿಸುವುದೂ ಕಷ್ಟ.

ಇನ್ನೊಂದು ತಪ್ಪು ತಿಳಿವಳಿಕೆ ‘ಮೀಡಿಯನ್’ ಬಗ್ಗೆ. 2008ರಲ್ಲಿ ಸೋರಾಫೆನಿಬ್ ಮಾತ್ರೆ ಮುಂದುವರಿದ ಎಚ್‌ಸಿಸಿಯಲ್ಲಿ ಮೀಡಿಯನ್ ಬದುಕನ್ನು 7.9 ತಿಂಗಳಿಂದ 10.7 ತಿಂಗಳಿಗೆ ಏರಿಸಿತು. ನಂತರ ಇಮ್ಯುನೋಥೆರಪಿಯಾಗಿ ಬಂದ ಅಟೆಜೋಲಿಜುಮ್ಯಾಬ್–ಬೆವಾಸಿಜುಮ್ಯಾಬ್ ಜೋಡಿ, ಸೋರಾಫೆನಿಬ್‌ನ 13.4 ತಿಂಗಳ ಎದುರು 19.2 ತಿಂಗಳು ಕೊಟ್ಟಿತು. 19.2 ಎಂದರೆ ಎಲ್ಲರೂ ಅಷ್ಟೇ ಬದುಕುತ್ತಾರೆ ಎಂದಲ್ಲ. ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು, ಕೆಲವರು ಬಹಳ ಹೆಚ್ಚು. ಎನ್‌ಎಲ್‌ಆರ್ ಹೆಚ್ಚಿರುವ ಗುಂಪಿನ ಮೀಡಿಯನ್ ಕಡಿಮೆ ಬಂದರೂ, ಆ ಗುಂಪಿನಲ್ಲೂ ವರ್ಷಗಟ್ಟಲೆ ಬದುಕಿದವರು ಇರುತ್ತಾರೆ. ಅದಕ್ಕೇ ಎನ್‌ಎಲ್‌ಆರ್ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ, ಮನೆಯವರೂ ನಿಲ್ಲಿಸಬಾರದು.

ಇಮ್ಯುನೋಥೆರಪಿ ಪಡೆಯುವವರಿಗೆ ಸುಲಭವಾದ ಒಂದು ಅಂಕವಿದೆ, ಕ್ರಾಫಿಟಿ ಎಂದು. ಸಿಆರ್‌ಪಿ ಡೆಸಿಲೀಟರ್‌ಗೆ 1 ಮಿ.ಗ್ರಾಂ ಅಥವಾ ಹೆಚ್ಚಿದ್ದರೆ ಒಂದು ಅಂಕ, ಎಎಫ್‌ಪಿ 100 ನ್ಯಾನೋಗ್ರಾಂ ಅಥವಾ ಹೆಚ್ಚಿದ್ದರೆ ಒಂದು ಅಂಕ. ಸೊನ್ನೆ ಬಂದವರ ಫಲಿತಾಂಶ ಅತಿ ಒಳ್ಳೆಯದು, ಎರಡು ಬಂದವರದ್ದು ಕಳಪೆ. ಚಿಕಿತ್ಸೆ ಶುರುವಾಗುವ ಮುಂಚಿನ ರಕ್ತದಿಂದಲೇ ಹಾಕಬೇಕು. ಅಟೆಜೋಲಿಜುಮ್ಯಾಬ್–ಬೆವಾಸಿಜುಮ್ಯಾಬ್ ಜೋಡಿಯನ್ನು ಮೂರು ವಾರಕ್ಕೊಮ್ಮೆ ಕೊಡುತ್ತಾರೆ; ಮೊದಲ ಡೋಸಿಗೆ ಮುಂಚಿನ ಎನ್‌ಎಲ್‌ಆರ್ ಮತ್ತು ಮೂರನೇ ಡೋಸಿನ ಹೊತ್ತಿನ, ಅಂದರೆ ಸುಮಾರು ಆರು ವಾರದ ಎನ್‌ಎಲ್‌ಆರ್ ಹೋಲಿಸಿದಾಗ ಇಳಿದಿದ್ದರೆ ಒಳ್ಳೆಯ ಲಕ್ಷಣ. ಚಿಕಿತ್ಸೆಯ ಅಡ್ಡಪರಿಣಾಮಕ್ಕೆಂದು ಮಧ್ಯೆ ಸ್ಟೆರಾಯ್ಡ್ ಕೊಟ್ಟಿದ್ದರೆ ಈ ಹೋಲಿಕೆ ಬಿಟ್ಟುಬಿಡಿ.

ಒಂದು ದಿನದ ನೀರಿನ ಮಟ್ಟ ನೋಡಿ ತುಂಗಭದ್ರಾ ಡ್ಯಾಂನಿಂದ ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಯಾರೂ ಹೇಳುವುದಿಲ್ಲ, ಒಳಹರಿವು ಹೊರಹರಿವುಗಳನ್ನು ವಾರಗಟ್ಟಲೆ ನೋಡುತ್ತಾರೆ. ಇಲ್ಲೂ ಹಾಗೆಯೇ. ನೆಮ್ಮದಿಯ ದಿನಗಳಲ್ಲಿ ತೆಗೆದ ಮೂರು ಚೀಟಿಗಳಲ್ಲಿ 2.4, 3.6, 5.1 ಎಂದು ಏರುತ್ತಾ ಹೋದರೆ, ಸೋಂಕು ಇಲ್ಲ ಎಂದು ಖಚಿತವಾದ ಮೇಲೆ, ವೈದ್ಯರಿಗೆ ತೋರಿಸಿ ಸ್ಕ್ಯಾನ್ ಮುಂಚಿತವಾಗಿ ಮಾಡಬೇಕೇ ಎಂದು ಕೇಳಲು ಅದು ಸಾಕಷ್ಟು ಕಾರಣ.

ಎಎಫ್‌ಪಿ ಮತ್ತು ಸ್ಕ್ಯಾನ್

ಇದರಲ್ಲಿ ಯಾವುದೂ ಸ್ಕ್ಯಾನಿಗೆ ಬದಲಿಯಲ್ಲ. ಶಸ್ತ್ರಚಿಕಿತ್ಸೆಯಾದವರಲ್ಲಿ ಐದು ವರ್ಷದೊಳಗೆ ಶೇ. 70ರವರೆಗೂ ಮರುಕಳಿಸಬಹುದು, ಅದರಲ್ಲೂ ಮೊದಲ ಎರಡು ವರ್ಷ ಅಪಾಯ ಹೆಚ್ಚು. ಅದಕ್ಕೇ ಆ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ, ಜೊತೆಗೆ ಎಎಫ್‌ಪಿ. ಎನ್‌ಎಲ್‌ಆರ್ ಚೆನ್ನಾಗಿದೆ ಎಂದು ಸ್ಕ್ಯಾನ್ ತಪ್ಪಿಸಬೇಡಿ. ಸಣ್ಣ ಗಡ್ಡೆಯೊಂದು ಮತ್ತೆ ಹುಟ್ಟಿದರೆ ಸಿಬಿಸಿಯಲ್ಲಿ ಏನೂ ಕಾಣದು, ಆದರೆ ಅಬ್ಲೇಶನ್‌ನಿಂದ ಸುಟ್ಟು ತೆಗೆಯಬಹುದಾದ ಹಂತ ಅದೇ.

ಎಎಫ್‌ಪಿ ರಕ್ತದಲ್ಲಿ 5ರಿಂದ 7 ದಿನಕ್ಕೊಮ್ಮೆ ಅರ್ಧವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ 800 ಇದ್ದರೆ 400, 200, 100, 50, 25, 12 ಎಂದು ಐದಾರು ವಾರಗಳಲ್ಲಿ ಸಹಜಕ್ಕೆ ಹತ್ತಿರ ಬರಬೇಕು. ಎರಡು ತಿಂಗಳಾದರೂ 150ರಲ್ಲೇ ನಿಂತಿದ್ದರೆ ಎಲ್ಲೋ ಗಡ್ಡೆ ಉಳಿದಿದೆಯೇ ಎಂದು ಹುಡುಕಬೇಕು. ಮೊದಲಿನಿಂದಲೂ ಎಎಫ್‌ಪಿ ಏರದ ಎಚ್‌ಸಿಸಿಗಳೂ ಬೇಕಾದಷ್ಟಿವೆ. ಅಂಥವರಿಗೆ ಪಿವ್ಕಾ ಎಂಬ ಇನ್ನೊಂದು ರಕ್ತಪರೀಕ್ಷೆ ಉಪಯೋಗಕ್ಕೆ ಬರಬಹುದು, ಆದರೆ ವಿಟಮಿನ್ ಕೆ ಕೊರತೆ ಮತ್ತು ವಾರ್ಫರಿನ್ ಮಾತ್ರೆ ಅದನ್ನು ಸುಳ್ಳೇ ಏರಿಸುತ್ತವೆ.

ಮನೆಯಲ್ಲಿ ಏನು ಮಾಡಬಹುದು?

ಎನ್‌ಎಲ್‌ಆರ್ ಇಳಿಸುವ ಮಾತ್ರೆ ಇಲ್ಲ. ಇಳಿಸುತ್ತೇವೆ ಎಂದು ಮಾರುವ ಕಷಾಯ, ಪುಡಿಗಳಿಗೆ ದುಡ್ಡು ಹಾಕಬೇಡಿ. ಕಾಮಣಿಗೆಂದು ಕೊಡುವ ನಾಟಿ ಔಷಧಿಗಳಲ್ಲಿ ಕೆಲವು ಉಳಿದ ಲಿವರನ್ನೂ ಕೆಡಿಸುತ್ತವೆ. ಆದರೆ ಅಂಕಿಯ ಹಿಂದಿರುವ ಕಾರಣಗಳಲ್ಲಿ ಹಲವನ್ನು ಸರಿಪಡಿಸಬಹುದು.

ಮೊದಲನೆಯದು ವೈರಸ್. ಹೆಪಟೈಟಿಸ್ ಬಿ ಇದ್ದವರಿಗೆ ಟೆನೋಫೋವಿರ್ ಅಥವಾ ಎಂಟೆಕಾವಿರ್ ದಿನಕ್ಕೊಂದು ಮಾತ್ರೆ, ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ. ಗಡ್ಡೆ ತೆಗೆದಾಯಿತಲ್ಲ ಎಂದು ಇದನ್ನು ನಿಲ್ಲಿಸುವುದು ದೊಡ್ಡ ತಪ್ಪು, ವೈರಸ್ ಭುಗಿಲೆದ್ದು ಲಿವರ್ ಕೈಕೊಡಬಹುದು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಎರಡಕ್ಕೂ ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ.

ಎರಡನೆಯದು ಊಟ. ‘ಲಿವರ್ ಕೆಟ್ಟಿದೆ, ಬೇಳೆ ಮೊಟ್ಟೆ ಬಂದ್’ ಎಂಬ ಹಳೆಯ ಪಥ್ಯ ರೋಗಿಯ ಸ್ನಾಯು ಕರಗಿಸುತ್ತದೆ, ಅಲ್ಬುಮಿನ್ ಲಿಂಫೋಸೈಟ್ ಎರಡನ್ನೂ ಇಳಿಸುತ್ತದೆ. ಸಿರೋಸಿಸ್ ಇರುವವರಿಗೂ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ತೂಕದವರಿಗೆ 72ರಿಂದ 90 ಗ್ರಾಂ. ರೊಟ್ಟಿಯ ಜೊತೆ ಹೆಸರುಕಾಳಿನ ಪಲ್ಯ, ಬೇಳೆ, ಮೊಸರು, ಒಗ್ಗುವವರಿಗೆ ಮೊಟ್ಟೆ, ಸ್ವಲ್ಪ ಸ್ವಲ್ಪ ಐದಾರು ಸಲ. ಮಲಗುವ ಮುಂಚೆ ಒಂದು ಸಣ್ಣ ಊಟ ಇರಲೇಬೇಕು, ಏಕೆಂದರೆ ಸಿರೋಸಿಸ್ ಲಿವರ್ ರಾತ್ರಿಯ ಉಪವಾಸ ತಾಳಲಾರದೆ ಸ್ನಾಯುವನ್ನೇ ಉರಿಸುತ್ತದೆ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರ. ಕುಡಿತ ಒಂದು ತೊಟ್ಟೂ ಬೇಡ, ತಂಬಾಕೂ ಬೇಡ.

ಮೂರನೆಯದು ಒಂದು ನೋಟ್‌ಬುಕ್ಕು. ತಾರೀಖು, ಒಟ್ಟು ಬಿಳಿ ಕಣ, ನ್ಯೂಟ್ರೋಫಿಲ್, ಲಿಂಫೋಸೈಟ್, ಪ್ಲೇಟ್‌ಲೆಟ್, ಅಲ್ಬುಮಿನ್, ಬಿಲಿರುಬಿನ್, ಎಎಫ್‌ಪಿ, ಸಿಆರ್‌ಪಿ, ತೂಕ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ: ಆ ವಾರ ಜ್ವರ ಇತ್ತೇ, ಸ್ಟೆರಾಯ್ಡ್ ಅಥವಾ ಆಂಟಿಬಯಾಟಿಕ್ ನಡೆದಿತ್ತೇ, ಅಲ್ಬುಮಿನ್ ಏರಿಸಿದ್ದರೇ, ಕೊನೆಯ ಚಿಕಿತ್ಸೆ ಆಗಿ ಎಷ್ಟು ದಿನ. ದೂರದ ಆಸ್ಪತ್ರೆಯ ವೈದ್ಯರಿಗೆ ನಿಮ್ಮನ್ನು ನೋಡಲು ಸಿಗುವುದು ಕೆಲವೇ ನಿಮಿಷ. ಈ ಒಂದು ಪುಟ ತೋರಿಸಿದರೆ ಅವರಿಗೆ ಫೈಲು ತಿರುವುವ ಹೊತ್ತು ಉಳಿಯುತ್ತದೆ.

ಜ್ವರ ಬಂದು ಹೊಟ್ಟೆ ನೋಯತೊಡಗಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಮಾತು ತೊದಲಿ ಹಗಲು ರಾತ್ರಿ ಗೊತ್ತಾಗದಂತಾದರೆ ಯಾವ ಲೆಕ್ಕವೂ ಬೇಡ, ಹತ್ತಿರದ ದೊಡ್ಡ ಆಸ್ಪತ್ರೆಗೆ ಅದೇ ಗಳಿಗೆಯಲ್ಲಿ ಕರೆದೊಯ್ಯಿರಿ. ದೂರದ ಆಸ್ಪತ್ರೆಗೆ ಫೋನು ಮಾಡುವುದು ಆಮೇಲೆ. ರೋಗಿಗೆ ಹೆಪಟೈಟಿಸ್ ಬಿ ಇದ್ದರೆ ಹೆಂಡತಿ ಅಥವಾ ಗಂಡ, ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಆ ಸೋಂಕು ಪತ್ತೆ ಮಾಡುವ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕು ಇಲ್ಲದವರಿಗೆ 0, 1 ಮತ್ತು 6ನೇ ತಿಂಗಳಿಗೆ ಮೂರು ಲಸಿಕೆ. ಸೋಂಕು ಇದ್ದವರಿಗೆ ಲಿವರ್ ಪರೀಕ್ಷೆ. ಸಿರೋಸಿಸ್ ಆಗಿದ್ದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ.